ಎದುರು ಕುಳಿತವನ ನ್ಯಾಯ

ಕಂಪ್ಯೂಟರಿನ ಮಾನಿಟರ್ ಕೊಳ್ಳುವುದರಲ್ಲಿ ನೀತಿಯ ಪ್ರಶ್ನೆ ಏನು ಬಂತು ಎಂದು ವಾಚಕರು ಕೇಳಬಹುದು. ಕೇಳುವುದು ಸಹಜವೇ. ಕೈಯಲ್ಲಿ ಎಷ್ಟು ಹಣವಿದೆ ಎಂದು ನೋಡಿಕೊಂಡು ಅಂಗಡಿಗೆ ಹೋಗುವುದು, ಆ ಹಣಕ್ಕೆ ಸಿಗುವವುಗಳಲ್ಲಿ ದೊಡ್ಡದನ್ನು ಆರಿಸಿ ಆಟೋದಲ್ಲಿ ಹಾಕಿಕೊಂಡು ಬರುವುದು, ಇಷ್ಟೇ ತಾನೆ? ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆದರೆ ಹಣ ಬೇಕಾದಷ್ಟು ಇರುವವನು ಕೊಳ್ಳುವುದಕ್ಕೂ ತಿಂಗಳ ಸಂಬಳದಲ್ಲಿ ಉಳಿಸಿದವನು ಕೊಳ್ಳುವುದಕ್ಕೂ ಒಂದು ಭೇದವಿದೆ. ಮೊದಲನೆಯವನು ಎಲ್ಲವನ್ನೂ ಕೊಳ್ಳುತ್ತಾನೆ. ಎರಡನೆಯವನು ಒಂದನ್ನು ಬಿಟ್ಟು ಇನ್ನೊಂದನ್ನು ಕೊಳ್ಳುತ್ತಾನೆ. ಬಿಟ್ಟದ್ದರ ನಷ್ಟ ಮನೆಯಲ್ಲಿ ಯಾರ ಪಾಲಿಗೆ ಹೋಯಿತು ಎಂದು ಕೇಳಿಕೊಂಡೊಡನೆ ಅದು ನೀತಿಯ ಪ್ರಶ್ನೆಯಾಗುತ್ತದೆ. ನಾನು ಅದನ್ನು ಕೇಳಿಕೊಳ್ಳಲು ಮೂರು ವರ್ಷ ತಡಮಾಡಿದೆ. ಆ ತಡವೇ ಈ ಲೇಖನಕ್ಕೆ ಕಾರಣ.

ದೆಹಲಿಯಲ್ಲಿ ನಮ್ಮದು ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಪರದೆಯ ಮೇಲೆ ಬಂದಾಗ ಮಗಳಿಗಾಗಿ ಒಂದು ಕಂಪ್ಯೂಟರನ್ನು ಹೊಂದಿಸಬೇಕಾಯಿತು. ನೆಹರೂ ಪ್ಲೇಸಿನ ಅಂಗಡಿಯೊಂದರಿಂದ, ಯಾರೋ ಬಳಸಿ ಬಿಟ್ಟಿದ್ದ 18.5 ಇಂಚಿನ ಮಾನಿಟರ್ ಒಂದನ್ನು ತಂದೆ. ಅಂಗಡಿಯವನು ಅದರ ವಿಷಯವಾಗಿ ಎರಡು ಮಾತು ಹೇಳಿದ್ದ: ಇಷ್ಟು ಇಂಚು, ಮತ್ತು ಇದು ಎಲ್.ಇ.ಡಿ. ಎರಡೂ ಸುಳ್ಳಲ್ಲ. ಆದರೆ ನಾನು ಕೇಳಬೇಕಾಗಿದ್ದ ಪ್ರಶ್ನೆಗೆ ಅವೆರಡೂ ಉತ್ತರವಲ್ಲ. ಎಲ್.ಇ.ಡಿ. ಎಂಬುದು ಪರದೆಯ ಹಿಂದೆ ಉರಿಯುವ ದೀಪದ ಹೆಸರು. ದೀಪದ ಮುಂದಿರುವ ಪ್ಯಾನೆಲ್ ಯಾವ ಬಗೆಯದು ಎಂಬುದನ್ನು ಅದು ಹೇಳುವುದಿಲ್ಲ. ನಾನು ಕುರ್ಚಿಯಲ್ಲಿ ಕುಳಿತು ನೋಡಿದೆ. ಚಿತ್ರ ಚೆನ್ನಾಗಿ ಕಂಡಿತು. ಹಣ ಕೊಟ್ಟು ತಂದೆ.

ಆಗ ನಮ್ಮ ತಾಯಿಯವರು ನಮ್ಮೊಂದಿಗಿದ್ದರು. ಭಾನುವಾರ ಸಂಜೆ ಅರಸೀಕೆರೆಯಲ್ಲಿರುವ ತಮ್ಮನ ಮನೆಗೆ ವೀಡಿಯೊ ಕರೆ ಮಾಡುವುದು ರೂಢಿ. 2021ರಲ್ಲಿ ತಮ್ಮನಿಗೆ ಗಂಡುಮಗುವಾಯಿತು. ಮೊಬೈಲಿನ ಪರದೆ ಅಮ್ಮನಿಗೆ ಚಿಕ್ಕದು. ಎಲ್ಲರೂ ಒಟ್ಟಿಗೆ ನೋಡಲೆಂದು ನಾನು ಮಾನಿಟರನ್ನು ಮೇಜಿನಿಂದ ಎತ್ತಿ, ಅದರ ಮೇಲಿನ ಗೋಡೆಯ ಹಲಗೆಯಲ್ಲಿ ಇಡುತ್ತಿದ್ದೆ. ಮೌಸು ಹಿಡಿದವನು ನಾನಾದ್ದರಿಂದ ಎದುರಿಗೆ ನಿಂತಿರುತ್ತಿದ್ದೆ. ಮಂಡಿನೋವಿನ ಅಮ್ಮ ನಾಲ್ಕೈದು ಅಡಿ ದೂರದಲ್ಲಿ, ತಗ್ಗಾದ ದಿವಾನದ ಮೇಲೆ ಗೋಡೆಗೆ ಒರಗಿ ಕುಳಿತಿರುತ್ತಿದ್ದರು.

ಮೊದಲ ಸಲ ಮಗುವನ್ನು ನೋಡಿದಾಗಲೇ ಅವರು ಹೇಳಿದರು: "ಮಗು ಮುಖ ಯಾಕೋ ಕಪ್ಪಿಟ್ಟಿದೆಯಲ್ಲೋ. ಮೈಗೆ ಹುಷಾರಿಲ್ಲವೇನೋ, ಕೇಳೋ ಅವನನ್ನ."

"ಏನೂ ಇಲ್ಲಮ್ಮ, ಮಗು ಚೆನ್ನಾಗಿದೆ. ನಿನ್ನ ಕಣ್ಣಿಗೆ ಪೊರೆ ಬಂದಿರಬೇಕು," ಎಂದೆ ನಾನು.

ಮುಂದಿನ ಭಾನುವಾರವೂ ಅದೇ ಮಾತು. ನನ್ನದೂ ಅದೇ ಉತ್ತರ. ಕೊನೆಗೆ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಪೊರೆ ಈಗಷ್ಟೇ ಶುರುವಾಗಿದೆ, ಈ ವಯಸ್ಸಿಗೆ ಸಹಜ, ಆಪರೇಷನ್ ಸದ್ಯಕ್ಕೆ ಬೇಡ ಎಂದರು ಅವರು. ಮುಖ ಕಪ್ಪಾಗಿ ಕಾಣುವಷ್ಟು ಪೊರೆ ಇಲ್ಲ ಎಂಬುದು ಆ ಮಾತಿನ ಅರ್ಥ. ನನಗೆ ಮಾತ್ರ 'ಪೊರೆ ಶುರುವಾಗಿದೆ' ಎಂಬ ಎರಡು ಪದಗಳಷ್ಟೇ ಕೇಳಿಸಿದವು. ಆ ಮೇಲೆ ಅಮ್ಮ ದೂರುವುದನ್ನು ಬಿಟ್ಟರು. ಕೆಲವು ತಿಂಗಳಾದ ಮೇಲೆ ಪರದೆಯ ಮುಂದೆ ಬಂದು ಕೂರುವುದನ್ನೂ ಬಿಟ್ಟರು. "ಫೋನಿನಲ್ಲಿ ದನಿ ಕೇಳಿದರೆ ಸಾಕು ಬಿಡು," ಎನ್ನುತ್ತಿದ್ದರು. ವಯಸ್ಸಾದವರಿಗೆ ಯಂತ್ರಗಳೆಂದರೆ ಬೇಸರ ಎಂದು ನಾವೆಲ್ಲ ತಿಳಿದೆವು. 2022ರ ಕೊನೆಯಲ್ಲಿ ತಮ್ಮ ಬಂದು ಅವರನ್ನು ಅರಸೀಕೆರೆಗೆ ಕರೆದುಕೊಂಡು ಹೋದ.

2023ರ ಒಂದು ಭಾನುವಾರ, ಸೊಂಟ ಹಿಡಿದುಕೊಂಡಿದ್ದರಿಂದ ನಾನು ಅಮ್ಮ ಕೂರುತ್ತಿದ್ದ ದಿವಾನದ ಮೇಲೆ, ಅವರು ಕೂರುತ್ತಿದ್ದಂತೆಯೇ ಗೋಡೆಗೆ ಒರಗಿ ಕುಳಿತೆ. ಮಾನಿಟರ್ ಹಲಗೆಯ ಮೇಲಿತ್ತು. ಮಗಳು ನಮ್ಮೂರಿನ ಮದುವೆಯೊಂದರ ಫೋಟೋಗಳನ್ನು ತೋರಿಸುತ್ತಿದ್ದಳು. ಮದುಮಗಳ ಮುಖ ಹಿಂದಿನ ಕಾಲದ ಫೋಟೋ ನೆಗೆಟಿವ್‌ನಂತೆ ಕಪ್ಪಾಗಿ ಕಾಣುತ್ತಿತ್ತು. ಎದ್ದು ನಿಂತೆ, ಮುಖ ಸರಿಯಾಯಿತು. ಕುಳಿತೆ; ಕಪ್ಪಾಯಿತು. ಮತ್ತೆ ಎದ್ದೆ, ಮತ್ತೆ ಕುಳಿತೆ. "ಸೊಂಟನೋವು ಅಂದಿರಿ, ಬಸ್ಕಿ ಹೊಡೀತಿದ್ದೀರಲ್ರೀ," ಎಂದು ನನ್ನ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

*

ಹಾಗೇಕೆ ಕಂಡಿತು ಎಂಬುದನ್ನು ಸ್ವಲ್ಪ ವಿವರಿಸಬೇಕು. ವಿವರಿಸುವಾಗ ನನಗೆ ನಾಚಿಕೆಯೂ ಆಗುತ್ತದೆ. ಏಕೆಂದರೆ ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ಬೆಳಕಿನ ಧ್ರುವೀಕರಣದ ಮೇಲೆ ಪುಟಗಟ್ಟಲೆ ಬರೆದು ಪರೀಕ್ಷೆಯಲ್ಲಿ ಅಂಕ ಪಡೆದವನು.

ಈ ಪರದೆಗಳ ಒಳಗಿರುವುದು ದ್ರವ ಸ್ಫಟಿಕ. 1888ರಲ್ಲಿ ಪ್ರಾಗ್ ನಗರದಲ್ಲಿ ಫ್ರೀಡ್ರಿಕ್ ರೈನಿಟ್ಜರ್ ಎಂಬ ಆಸ್ಟ್ರಿಯದ ಸಸ್ಯವಿಜ್ಞಾನಿ, ಕೊಲೆಸ್ಟರಾಲಿನಿಂದ ಪಡೆದ ವಸ್ತುವೊಂದು ಎರಡು ಬಾರಿ ಕರಗುವಂತೆ ಕಾಣುವುದನ್ನು ಗಮನಿಸಿದ. ಸುಮಾರು 145 ಡಿಗ್ರಿಯಲ್ಲಿ ಅದು ಮಂಜುಮಂಜಾದ ದ್ರವವಾಯಿತು. ಸುಮಾರು 178 ಡಿಗ್ರಿಯಲ್ಲಿ ತಿಳಿಯಾಯಿತು. ನಡುವಿನ ಆ ಸ್ಥಿತಿ ದ್ರವದಂತೆ ಹರಿಯುತ್ತದೆ, ಆದರೆ ಅದರ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ದಿಕ್ಕನ್ನು ಹಿಡಿದು ನಿಂತಿರುತ್ತವೆ. 1970ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶಾಟ್ ಮತ್ತು ಹೆಲ್‌ಫ್ರಿಷ್ ಎಂಬವರು ಇದನ್ನು ಪರದೆಗೆ ಒಗ್ಗಿಸುವ ಒಂದು ಸುಲಭ ಉಪಾಯವನ್ನು ಕಂಡುಹಿಡಿದರು. ಧ್ರುವೀಕರಿಸುವ ಎರಡು ಹಾಳೆಗಳನ್ನು ಪರಸ್ಪರ ಅಡ್ಡಲಾಗಿ ಇಟ್ಟು, ನಡುವೆ ಅಣುಗಳ ಸಾಲನ್ನು 90 ಡಿಗ್ರಿ ತಿರುಚಿ ನಿಲ್ಲಿಸುವುದು. ತಿರುಚಿದ ಸಾಲು ಬೆಳಕನ್ನೂ ತಿರುಗಿಸಿ ಆಚೆ ದಾಟಿಸುತ್ತದೆ. ವಿದ್ಯುತ್ತು ಕೊಟ್ಟರೆ ಅಣುಗಳು ಎದ್ದು ನಿಲ್ಲುತ್ತವೆ, ತಿರುಚು ಬಿಚ್ಚುತ್ತದೆ, ಬೆಳಕು ನಿಲ್ಲುತ್ತದೆ. ಇದೇ ಟಿ.ಎನ್. ಎಂಬ ಬಗೆ. ಕೈಗಡಿಯಾರ, ಕ್ಯಾಲ್ಕ್ಯುಲೇಟರುಗಳಿಂದ ಹಿಡಿದು ಅಗ್ಗದ ಮಾನಿಟರುಗಳವರೆಗೆ ಹಲವು ದಶಕ ಆಳಿದ್ದು ಇದೇ.

ಪೂರ್ತಿ ಕಪ್ಪೂ ಅಲ್ಲದ, ಪೂರ್ತಿ ಬಿಳಿಯೂ ಅಲ್ಲದ ಬಣ್ಣವನ್ನು ತೋರಿಸಬೇಕಾದಾಗ ಈ ಅಣುಗಳು ಅರ್ಧ ಎದ್ದು, ಒಂದೇ ಕಡೆಗೆ ಓರೆಯಾಗಿ ನಿಲ್ಲುತ್ತವೆ. ಗಾಳಿಗೆ ಒಂದು ಕಡೆ ಬಾಗಿದ ರಾಗಿ ಹೊಲವನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಒಂದು ಬದುವಿನ ಮೇಲೆ ನಿಂತವನಿಗೆ ತೆನೆ ಕಾಣುತ್ತದೆ, ಎದುರು ಬದುವಿನವನಿಗೆ ದಂಟು ಕಾಣುತ್ತದೆ. ಹೊಲ ಒಂದೇ. ಟಿ.ಎನ್. ಪರದೆಯನ್ನು ನೇರವಾಗಿ ನೋಡಿದರೆ ಮುಖ ಮುಖದಂತೆಯೇ ಇರುತ್ತದೆ. ಮೇಲಿನಿಂದ ನೋಡಿದರೆ ಬಿಳಿಚಿಕೊಳ್ಳುತ್ತದೆ. ಕೆಳಗಿನಿಂದ ನೋಡಿದರೆ ಕಪ್ಪಾಗುತ್ತದೆ. ಇನ್ನೂ ಕೆಳಗಿಳಿದರೆ ಬೆಳಕು ನೆರಳುಗಳು ಅದಲುಬದಲಾಗುತ್ತವೆ. ಅಮ್ಮ ಕುಳಿತಿದ್ದುದು ಸರಿಯಾಗಿ ಆ ಜಾಗದಲ್ಲಿ. ಅವರು ಕಂಡದ್ದನ್ನು ಕಂಡಂತೆಯೇ ಹೇಳಿದ್ದರು. ಅವರ ಕಣ್ಣಿನಲ್ಲಿ ದೋಷವಿರಲಿಲ್ಲ. ನನ್ನ ಮಾತಿನಲ್ಲಿತ್ತು.

ಮತ್ತೊಂದು ಬಗೆ ಐ.ಪಿ.ಎಸ್. ಇದನ್ನು 1990ರ ದಶಕದ ನಡುವಿನಲ್ಲಿ ಜಪಾನಿನ ಹಿಟಾಚಿ ಕಂಪನಿಯವರು ಮಾರುಕಟ್ಟೆಗೆ ತಂದರು. ಇದರಲ್ಲಿ ಅಣುಗಳು ಎದ್ದು ನಿಲ್ಲುವುದಿಲ್ಲ. ಗಾಜಿಗೆ ಸಮಾನಾಂತರವಾಗಿ ಮಲಗಿದ್ದುಕೊಂಡೇ, ಗಡಿಯಾರದ ಮುಳ್ಳಿನಂತೆ ಚಪ್ಪಟೆಯಾಗಿ ತಿರುಗುತ್ತವೆ. ಆದ್ದರಿಂದ ಎಡದವನಿಗೂ ಬಲದವನಿಗೂ ಕೆಳಗೆ ಕುಳಿತವನಿಗೂ ಹೆಚ್ಚುಕಡಿಮೆ ಒಂದೇ ಚಿತ್ರ. ಮೂರನೆಯದು ವಿ.ಎ. ಇದರಲ್ಲಿ ಅಣುಗಳು ಸುಮ್ಮನಿರುವಾಗ ಗಾಜಿಗೆ ಲಂಬವಾಗಿ ನಿಂತು ಬೆಳಕನ್ನು ಬಲವಾಗಿ ತಡೆಯುತ್ತವೆ. ಹಾಗಾಗಿ ಕಪ್ಪು ನಿಜವಾದ ಕಪ್ಪು. ಕತ್ತಲೆ ಕೋಣೆಯಲ್ಲಿ ಒಬ್ಬನೇ ಕುಳಿತು ಸಿನಿಮಾ ನೋಡುವವನಿಗೆ ಇದು ಸೊಗಸು. ಪಕ್ಕದಿಂದ ನೋಡಿದರೆ ಟಿ.ಎನ್.ನಷ್ಟು ಕೆಡುವುದಿಲ್ಲ, ಆದರೆ ಬಣ್ಣ ತುಸು ಮಾಸುತ್ತದೆ. ಈಗಿನ ಅಗ್ಗದ ಮಾನಿಟರುಗಳಲ್ಲಿ ಐ.ಪಿ.ಎಸ್. ಮತ್ತು ವಿ.ಎ.ಗಳೇ ಹೆಚ್ಚು, ಟಿ.ಎನ್. ಹಳೆಯ ಮಾಲಿನಲ್ಲೂ ತೀರ ಕೆಳಗಿನ ಬೆಲೆಯಲ್ಲೂ ಸಿಗುತ್ತದೆ.

ಇಲ್ಲಿ ನಮ್ಮ ನಾಡಿಗೆ ಸೇರಿದ ಒಂದು ಸಂಗತಿಯೂ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರು, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ 1977ರಲ್ಲಿ, ಕಡ್ಡಿಯಂತಲ್ಲದೆ ಬಿಲ್ಲೆಯಂತಿರುವ ಅಣುಗಳಿಂದಲೂ ದ್ರವ ಸ್ಫಟಿಕವಾಗುತ್ತದೆಂದು ತೋರಿಸಿಕೊಟ್ಟರು. ಮುಂದೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿಯವರು ಬಿಲ್ಲೆಯಂಥ ಅಣುಗಳಿಂದಲೇ ಒಂದು ತೆಳು ಹಾಳೆಯನ್ನು ಮಾಡಿ ಟಿ.ಎನ್. ಪರದೆಗಳಿಗೆ ಅಂಟಿಸುವಂತೆ ಮಾಡಿದರು. ಆ ಹಾಳೆಯ ಕೆಲಸವೇನು? ಓರೆಯಾಗಿ ಕುಳಿತವನಿಗೂ ಚಿತ್ರ ಸ್ವಲ್ಪವಾದರೂ ಸರಿಯಾಗಿ ಕಾಣುವಂತೆ ಮಾಡುವುದು. ಬೆಂಗಳೂರಿನಲ್ಲಿ ಶುದ್ಧ ಜಿಜ್ಞಾಸೆಯಿಂದ ಹುಟ್ಟಿದ ಒಂದು ಅರಿವು, ಎಲ್ಲಿಯೋ ಯಾರದೋ ಮನೆಯಲ್ಲಿ ಮೂಲೆಯಲ್ಲಿ ಕುಳಿತವರ ಉಪಯೋಗಕ್ಕೆ ಬಂತು. ಇದನ್ನೆಲ್ಲ ನಾನು ಓದಿ ತಿಳಿದದ್ದು ದಿವಾನದ ಮೇಲೆ ಕುಳಿತೆದ್ದ ಆ ಭಾನುವಾರದ ನಂತರ.

*

ಈಗ ನೀತಿಯ ಪ್ರಶ್ನೆಗೆ ಬರುತ್ತೇನೆ. ನಾನು ಅಮ್ಮನಿಗೆ ಸುಳ್ಳು ಹೇಳಲಿಲ್ಲ. ಬೇಕೆಂದು ನೋಯಿಸಲಿಲ್ಲ. ಡಾಕ್ಟರಿಗೆ ತೋರಿಸಿದೆ, ಹಣ ಖರ್ಚು ಮಾಡಿದೆ. ಹಾಗಾದರೆ ತಪ್ಪು ಎಲ್ಲಿ?

ಗೀತೆಯ ಆರನೆಯ ಅಧ್ಯಾಯದಲ್ಲಿ 'ಆತ್ಮೌಪಮ್ಯ' ಎಂಬ ಮಾತಿದೆ. ತನಗೆ ಹೇಗೋ ಇತರರಿಗೂ ಹಾಗೆ ಎಂದು ಕಾಣುವುದು ಎಂದು ಅದರ ಅರ್ಥವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಬಹು ದೊಡ್ಡ ಮಾತು. ಆದರೆ ನನ್ನಂಥ ಸಾಮಾನ್ಯನ ಕೈಗೆ ಸಿಕ್ಕಾಗ ಅದು ಹೇಗೆ ತಿರುಗುತ್ತದೆ ನೋಡಿ. ನನಗೆ ಮಗುವಿನ ಮುಖ ಬೆಳ್ಳಗೆ ಕಾಣುತ್ತಿದೆ, ಆದ್ದರಿಂದ ಅಮ್ಮನಿಗೂ ಬೆಳ್ಳಗೇ ಕಾಣಬೇಕು. ಕಾಣದಿದ್ದರೆ ದೋಷ ಅವರ ಕಣ್ಣಿನದು! ನಾನು ಅವರನ್ನು ನನ್ನಂತೆಯೇ ಎಂದು ತಿಳಿದೆ. ತಿಳಿದದ್ದರಿಂದಲೇ ತಪ್ಪಿದೆ. ನನ್ನ ಅನುಭವವನ್ನು ಅಳತೆಗೋಲು ಮಾಡಿ ಅವರ ಮಾತನ್ನು ಅಳೆಯುವುದು ಒಂದು. ನನ್ನ ಜಾಗ ಬಿಟ್ಟು ಅವರ ಜಾಗಕ್ಕೆ ಹೋಗಿ ನೋಡುವುದು ಇನ್ನೊಂದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡಿದೆವೆಂದು ನಾವು ಭಾವಿಸಿಕೊಳ್ಳುತ್ತೇವೆ. ಆತ್ಮೌಪಮ್ಯದ ನಿಜವಾದ ಅರ್ಥ ಎರಡನೆಯದೇ ಇರಬೇಕೆಂದು ನನಗೆ ತೋರುತ್ತದೆ.

ಅಮೆರಿಕದ ಜಾನ್ ರಾಲ್ಸ್ ಎಂಬ ತತ್ತ್ವಜ್ಞಾನಿ 1971ರಲ್ಲಿ ಪ್ರಕಟಿಸಿದ ನ್ಯಾಯವನ್ನು ಕುರಿತ ಗ್ರಂಥದಲ್ಲಿ, ಸಮಾಜದಲ್ಲಿ ತನಗೆ ಯಾವ ಸ್ಥಾನ ಸಿಗುತ್ತದೆಂದು ತಿಳಿಯದವನಂತೆ ಕುಳಿತು ನಿಯಮಗಳನ್ನು ಆರಿಸಬೇಕು ಎಂಬ ವಿಚಾರವನ್ನು ಮುಂದಿಟ್ಟ. ಅಷ್ಟು ದೊಡ್ಡ ವಿಚಾರವನ್ನು ನಮ್ಮ ಎರಡು ಕೋಣೆಗೆ ಇಳಿಸಿದರೆ ಹೀಗಾಗುತ್ತದೆ: ಈ ಕೋಣೆಯಲ್ಲಿ ನನಗೆ ಕುರ್ಚಿ ಸಿಗುತ್ತದೋ, ದಿವಾನ ಸಿಗುತ್ತದೋ, ನೆಲದ ಚಾಪೆ ಸಿಗುತ್ತದೋ ತಿಳಿಯದು ಎಂದಿಟ್ಟುಕೊಂಡು ಮಾನಿಟರ್ ಆರಿಸು. ಹಾಗೆ ಆರಿಸುವವನು ಟಿ.ಎನ್. ಕೊಳ್ಳುವುದಿಲ್ಲ. ಆದರೆ ನನಗೆ ಅಂಥ ಕಲ್ಪನೆಯ ಅಗತ್ಯವೂ ಇರಲಿಲ್ಲ. ನಾಲ್ಕು ಹೆಜ್ಜೆ ನಡೆದು ಕುಳಿತಿದ್ದರೆ ಸಾಕಾಗಿತ್ತು.

ಇದಕ್ಕೆ ಒಂದು ಆಕ್ಷೇಪ ಉಂಟು. ನನ್ನ ಸಹೋದ್ಯೋಗಿಯೊಬ್ಬರು ಅದನ್ನು ಎತ್ತಿದರು. "ಸ್ವಾಮಿ, ನಿಮ್ಮ ಮಗಳು ದಿನಕ್ಕೆ ಆರು ಗಂಟೆ ಎದುರಿಗೆ ಕುಳಿತು ಓದುತ್ತಾಳೆ. ನಿಮ್ಮ ತಾಯಿ ವಾರಕ್ಕೆ ಅರ್ಧ ಗಂಟೆ ನೋಡುವವರು. ಇರುವ ಹಣವನ್ನು ಹೆಚ್ಚು ಬಳಸುವವರ ಅನುಕೂಲಕ್ಕೆ ಹಾಕುವುದೇ ವಿವೇಕ," ಎಂದರು. ಲೆಕ್ಕ ಸರಿಯಾಗಿದೆ. ಲೆಕ್ಕಪತ್ರಗಳ ನಡುವೆಯೇ ಬಾಳುವ ನಾನು ಅದನ್ನು ತಳ್ಳಿಹಾಕಲಾರೆ. ಆದರೆ ಗಂಟೆಗಳ ಲೆಕ್ಕದಲ್ಲಿ ಬಾರದ ಎರಡು ಸಂಗತಿಗಳಿವೆ. ಎದುರಿಗೆ ಕುಳಿತವನು ಪರದೆಯನ್ನು ತನಗೆ ಬೇಕಾದಂತೆ ತಿರುಗಿಸಿಕೊಳ್ಳಬಲ್ಲ, ಬಗ್ಗಿಸಿಕೊಳ್ಳಬಲ್ಲ. ಮಂಡಿನೋವಿನಿಂದ ದಿವಾನದ ಮೇಲೆ ಕುಳಿತವರು ಜಾಗ ಬದಲಿಸಲಾರರು. ಅನುಕೂಲವನ್ನು ಮಾಡಿಕೊಳ್ಳಬಲ್ಲವನಿಗೂ ಮಾಡಿಕೊಳ್ಳಲಾರದವರಿಗೂ ಒಂದೇ ತಕ್ಕಡಿಯಲ್ಲ. ಎರಡನೆಯದಾಗಿ, ಅಮ್ಮನ ಗಂಟೆ ಅರ್ಧಕ್ಕೆ ಇಳಿದು ಆಮೇಲೆ ಸೊನ್ನೆಯಾದದ್ದೇ ಪರದೆ ಕಾಣದ್ದರಿಂದ. ಕಾಣದಂತೆ ಮಾಡಿ, ಅವರು ನೋಡುವುದೇ ಇಲ್ಲವಲ್ಲ ಎಂದು ಲೆಕ್ಕದಿಂದ ಅವರನ್ನು ಬಿಡುವುದು ಎಲ್ಲಿಯ ನ್ಯಾಯ?

ಅಮ್ಮ ಹೇಳಿದ 'ಸಾಕು' ಎಂಬ ಮಾತು ನನ್ನನ್ನು ಈಗಲೂ ಕಾಡುತ್ತದೆ. ಸಾಕು ಎನ್ನುವುದನ್ನು ನಾವು ದೊಡ್ಡ ಗುಣವೆಂದು ಹೊಗಳುತ್ತೇವೆ. ಅದು ತೃಪ್ತಿಯ ಮಾತೂ ಆಗಬಹುದು, ಸೋಲಿನ ಮಾತೂ ಆಗಬಹುದು. ಉಂಡು ಎದ್ದವನ 'ಸಾಕು' ಬೇರೆ. ಬಡಿಸುವವರು ತನ್ನ ಎಲೆಯ ಕಡೆ ತಿರುಗಿ ನೋಡುತ್ತಿಲ್ಲವೆಂದು ಕೈತೊಳೆದವನ 'ಸಾಕು' ಬೇರೆ. ಮನೆಯಲ್ಲಿ ಹೆಂಗಸರೂ ಮುದುಕರೂ 'ನನಗೆ ಸಾಕು' ಎಂದಾಗ ಅದು ಇವೆರಡರಲ್ಲಿ ಯಾವುದು ಎಂದು ಒಂದು ಕ್ಷಣ ನಿಂತು ಕೇಳುವ ಅಭ್ಯಾಸ ನಮಗಿಲ್ಲ.

ಇದು ಮನೆಗೆ ಮಾತ್ರ ಸೇರಿದ್ದಲ್ಲ. ಸರ್ಕಾರಿ ಕಚೇರಿಗಳಲ್ಲಿ ಮಾನಿಟರಿನ ಮುಖ ನಮ್ಮ ಕಡೆಗೆ, ಬೆನ್ನು ಜನರ ಕಡೆಗೆ. ಪಿಂಚಣಿಯ ವಿಷಯ ಕೇಳಲು ಬಂದ ವೃದ್ಧರಿಗೆ "ಸಿಸ್ಟಮ್ಮಿನಲ್ಲಿ ಹೀಗೆ ತೋರಿಸುತ್ತಿದೆ" ಎನ್ನುತ್ತೇವೆ. ನಮಗೆ ಅದು ಪೂರ್ಣ ಉತ್ತರ. ಅವರಿಗೆ ಪ್ಲಾಸ್ಟಿಕ್ಕಿನ ಒಂದು ಬೆನ್ನು. ನಾನೂ ಆ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಆ ಭಾನುವಾರದ ನಂತರ, ಸಾಧ್ಯವಾದಾಗ ಪರದೆಯನ್ನು ಅವರ ಕಡೆ ತುಸು ತಿರುಗಿಸುವುದನ್ನು ಕಲಿತೆ. ಎರಡು ಸಲ, ನೋಡಿದವರೇ ತಮ್ಮ ಹೆಸರಿನ ಕಾಗುಣಿತದಲ್ಲಿ ತಪ್ಪಿರುವುದನ್ನು ತೋರಿಸಿಕೊಟ್ಟರು.

*

2024ರಲ್ಲಿ ಹಳೆಯ ಮಾನಿಟರಿನ ದೀಪ ಕೆಟ್ಟಿತು. ಮತ್ತೆ ನೆಹರೂ ಪ್ಲೇಸು. ನನ್ನ ಮಿತಿ 9,000 ರೂಪಾಯಿ. ಅದರೊಳಗೆ ಎರಡು ನನ್ನ ಮುಂದೆ ಬಂದವು. ಒಂದು 27 ಇಂಚಿನದು. ಪ್ಯಾನೆಲ್ ಯಾವ ಬಗೆಯೆಂದು ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ. ಇನ್ನೊಂದು 23.8 ಇಂಚಿನ ಐ.ಪಿ.ಎಸ್.

ಇಂಚಿನ ವಿಷಯದಲ್ಲೂ ಸ್ವಲ್ಪ ಎಚ್ಚರ ಬೇಕು. ಈ ಅಳತೆ ಮೂಲೆಯಿಂದ ಮೂಲೆಗೆ. ಆಕಾರ ಬದಲಾದರೆ ಅದೇ ಇಂಚಿನಲ್ಲಿ ಜಾಗ ಕಡಿಮೆಯಾಗುತ್ತದೆ. ಹಿಂದಿನ 4:3 ಆಕಾರದ 19 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 173 ಚದರ ಇಂಚು. ಈಗಿನ 16:9 ಆಕಾರದಲ್ಲಿ ಅದೇ 19 ಇಂಚಿಗೆ ಸುಮಾರು 154 ಮಾತ್ರ. ಇನ್ನು 27 ಇಂಚಿನದು 23.8 ಇಂಚಿನದಕ್ಕಿಂತ ವಿಸ್ತೀರ್ಣದಲ್ಲಿ ಶೇಕಡ 29ರಷ್ಟು ದೊಡ್ಡದು. ಆದರೆ ನನ್ನ ಬೆಲೆಯಲ್ಲಿ ಎರಡರಲ್ಲೂ ಇದ್ದ ಚುಕ್ಕೆಗಳು ಅಷ್ಟೇ: ಅಡ್ಡಕ್ಕೆ 1920, ಉದ್ದಕ್ಕೆ 1080. ಚುಕ್ಕೆಗಳು ಹೆಚ್ಚಲಿಲ್ಲ, ದಪ್ಪಗಾದವು. ಹಿಟ್ಟು ಅಷ್ಟೇ, ರೊಟ್ಟಿ ಮಾತ್ರ ಅಗಲ. ಒಳ್ಳೆಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವನ್ನು ಬೇರೆ ಮಾಡಿ ಕಾಣಬಲ್ಲದು ಎಂಬ ಲೆಕ್ಕದಿಂದ ಗುಣಿಸಿ ನೋಡಿದೆ. 23.8 ಇಂಚಿನ ಪರದೆಯಲ್ಲಿ ಚುಕ್ಕೆಗಳು ಒಂದಾಗಿ ಕಾಣಲು ಸುಮಾರು 94 ಸೆಂಟಿಮೀಟರ್ ದೂರ ಬೇಕು. 27 ಇಂಚಿನಲ್ಲಿ ಸುಮಾರು 107. ಮಗಳು ಕೂರುವುದು ಅರುವತ್ತು, ಎಪ್ಪತ್ತು ಸೆಂಟಿಮೀಟರ್ ದೂರದಲ್ಲಿ. ಅವಳಿಗೆ ಚಿಕ್ಕದೇ ನಯ. ಐದಡಿ ದೂರದ ದಿವಾನದವರಿಗೆ ಚುಕ್ಕೆಗಳ ತಂಟೆಯಿಲ್ಲ. ಅವರಿಗೆ ದೊಡ್ಡದೇ ಲಾಭ. ಹೀಗೆ 'ಉತ್ತಮ' ಎಂಬ ಮಾತೇ ಒಂದೊಂದು ಜಾಗದಿಂದ ಒಂದೊಂದು ಆಗುತ್ತದೆ.

ಹಾಗಾದರೆ ದಿವಾನದ ನ್ಯಾಯದಂತೆ ನಾನು 27 ಇಂಚನ್ನೇ ಕೊಳ್ಳಬೇಕಾಗಿತ್ತಲ್ಲವೆ? ಸ್ವಲ್ಪ ಹೊತ್ತು ನಾನೂ ಗೊಂದಲಕ್ಕೆ ಬಿದ್ದೆ. ಅಂಗಡಿಯವನನ್ನು ಕೇಳಿ, ಎರಡನ್ನೂ ಹಚ್ಚಿಸಿ, ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ಕೆಳಗಿನಿಂದ ನೋಡಿದೆ. ಗಿರಾಕಿಗಳು ನನ್ನನ್ನು ವಿಚಿತ್ರವಾಗಿ ನೋಡಿದರು. "ಬಾಬೂಜಿ, ಏನಾದರೂ ಬಿತ್ತೇ?" ಎಂದು ಅಂಗಡಿಯ ಹುಡುಗ ಕೇಳಿದ. ದೊಡ್ಡದು ಕೆಳಗಿನಿಂದ ಕಪ್ಪಾಯಿತು. ಚಿಕ್ಕದು ಆಗಲಿಲ್ಲ. ಪೆಟ್ಟಿಗೆಯ ಮೇಲೆ ನೋಡಿದರೆ ದೊಡ್ಡದಕ್ಕೂ 170 ಡಿಗ್ರಿ, 160 ಡಿಗ್ರಿ ಎಂದು ಕೋನಗಳನ್ನು ಮುದ್ರಿಸಿದ್ದರು. ಆ ಅಂಕಿಗಳ ಗುಟ್ಟು ಇಷ್ಟೆ. ಸಾಮಾನ್ಯವಾಗಿ, ಬಿಳಿ ಕಪ್ಪಿಗಿಂತ ಹತ್ತು ಪಟ್ಟು ಬೆಳಗುವವರೆಗೂ 'ಕಾಣುತ್ತದೆ' ಎಂದೇ ಎಣಿಸುತ್ತಾರೆ. ಎದುರಿನಿಂದ ಸಾವಿರ ಪಟ್ಟು ಇದ್ದದ್ದು ಹತ್ತಕ್ಕೆ ಇಳಿದರೂ ಲೆಕ್ಕಕ್ಕೆ ಅದು ಕಾಣುವ ಕೋನವೇ. ಮಗುವಿನ ಮುಖ ಮುಖದಂತಿದೆಯೇ ಎಂದು ಆ ಅಂಕಿ ಕೇಳುವುದಿಲ್ಲ.

ಕೊನೆಗೆ ಒಂದು ಸೂತ್ರದಿಂದ ನಿರ್ಧರಿಸಿದೆ. ಅಕ್ಷರ ಚಿಕ್ಕದಾದರೆ ಕಂಪ್ಯೂಟರಿನಲ್ಲೇ ದೊಡ್ಡದು ಮಾಡಬಹುದು. ಮುಖ ಚಿಕ್ಕದಾದರೆ ದಿವಾನವನ್ನು ಒಂದಡಿ ಮುಂದಕ್ಕೆ ಎಳೆಯಬಹುದು. ಗಾತ್ರದ ಕೊರತೆಗೆ ಉಪಾಯವಿದೆ. ಪ್ಯಾನೆಲ್ಲಿನ ಕೊರತೆಗೆ ಯಾವ ಗುಂಡಿ ಒತ್ತಿದರೂ ಉಪಾಯವಿಲ್ಲ. ಅದು ಗಾಜಿನೊಳಗೆ ಹುಟ್ಟಿದ್ದು. ಹಣ ಕಡಿಮೆ ಇದ್ದಾಗ, ಆಮೇಲೆ ಸರಿಮಾಡಲಾಗದ್ದನ್ನು ಮೊದಲು ಕೊಂಡುಕೊಳ್ಳಬೇಕು, ಸರಿಮಾಡಬಹುದಾದದ್ದನ್ನು ಬಿಡಬೇಕು. 23.8 ಇಂಚಿನದನ್ನು ತಂದೆ. ಮನೆಗೆ ಬಂದವರು "ಆ ಬೆಲೆಗೆ ಇದಕ್ಕಿಂತ ದೊಡ್ಡದೇ ಸಿಗುತ್ತಿತ್ತಲ್ಲ" ಎಂದರು. ಸಿಗುತ್ತಿತ್ತು ಎಂದೆ.

ಆ ವಾರ ಕರೆ ಮಾಡಿದಾಗ ಮಗು ಪರದೆಯ ತುಂಬ ಓಡಾಡುತ್ತಿತ್ತು. ಅದರ ಹಿಂದೆ ಅಮ್ಮ ಕುಳಿತಿದ್ದರು. ನಾನು ದಿವಾನದ ಮೇಲೆ ಕುಳಿತೇ ಹೇಳಿದೆ: "ಅಮ್ಮ, ಆಗ ನಿನ್ನ ಕಣ್ಣು ಸರಿಯಾಗಿಯೇ ಇತ್ತು. ನಮ್ಮ ಮಾನಿಟರೇ ಸರಿಯಿರಲಿಲ್ಲ."

ಅಮ್ಮ ಹೆಚ್ಚೇನೂ ಆಶ್ಚರ್ಯಪಡಲಿಲ್ಲ. "ಅವತ್ತೇ ಹೇಳಿದ್ದೆನಲ್ಲೋ ನಾನು," ಎಂದರು. ಬಳಿಕ ಮಗುವಿಗೆ ಹಲ್ಲು ಬಂದ ಸಮಾಚಾರಕ್ಕೆ ಹೋದರು.

ಹೌದು, ಹೇಳಿದ್ದರು. ಒಂದು ವಸ್ತುವನ್ನು ಆರಿಸುವವನು ಅದರ ಒಳ್ಳೆಯ ಜಾಗದಲ್ಲಿ ತಾನು ಕುಳಿತು ಆರಿಸುತ್ತಾನೆ. ಅಲ್ಲಿಂದ ಅದರ ದೋಷ ಅವನಿಗೆ ಕಾಣುವುದೇ ಇಲ್ಲ. ಕಾಣುವವರು ಬೇರೆ ಕಡೆ ಕುಳಿತಿರುತ್ತಾರೆ, ಕಂಡದ್ದನ್ನು ಹೇಳುತ್ತಲೂ ಇರುತ್ತಾರೆ. ಅವರ ಕಣ್ಣನ್ನು ಪರೀಕ್ಷಿಸುವ ಮೊದಲು ನಾವು ಎದ್ದು ಹೋಗಿ ಅವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು ನೋಡುವುದು ಒಳ್ಳೆಯದು. ಅದಕ್ಕೆ ಹಣ ಬೇಕಾಗಿಲ್ಲ.